ಎಡಕುಮೇರಿ ಹಳಿಯಿಂದ ರಾಕೆಟ್ ಎಂಜಿನ್‌ವರೆಗೆ: ಕೂಡಿಸಿ ಕಳೆಯುವ ಕೆಲಸಕ್ಕೆ ಹನ್ನೆರಡು ಸೂತ್ರ

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಸುಮಾರು 55 ಕಿ.ಮೀ. ಘಾಟಿ. ನಡುವೆ ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಸ್ಟೇಷನ್‌ಗಳು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50 ಅಡಿ ಸಾಗಿದರೆ 1 ಅಡಿ ಇಳಿಯುವ ಇಳಿಜಾರು. 1979ರಲ್ಲಿ ಇಲ್ಲಿ ಮೀಟರ್ ಗೇಜ್ ರೈಲು ಓಡಿತು. ಬ್ರಾಡ್ ಗೇಜ್ ಮಾಡಲು 1996ರಲ್ಲಿ ನಿಲ್ಲಿಸಿದರು. 2006ರಲ್ಲಿ ಗೂಡ್ಸ್, 2007ರ ಕೊನೆಗೆ ಪ್ರಯಾಣಿಕರ ಗಾಡಿ ಮತ್ತೆ ಶುರುವಾಯಿತು. ಗುಡ್ಡ ಅಡ್ಡ ಬಂದಲ್ಲಿ ಕೊರೆದರು, ಕಣಿವೆ ಬಂದಲ್ಲಿ ತುಂಬಿದರು ಅಥವಾ ಸೇತುವೆ ಕಟ್ಟಿದರು. ಇಡೀ ದಾರಿ ನಿಂತಿರುವುದು ಈ ಎರಡು ಕೆಲಸಗಳ ಮೇಲೆ.

ಲೋಹದಲ್ಲಿ ದುಡಿಯುವವರ ಮುಂದಿರುವುದೂ ಇವೇ ಎರಡು ದಾರಿ. ಲೇತ್, ಮಿಲ್ಲಿಂಗ್, ಡ್ರಿಲ್ಲಿಂಗ್‌ನಲ್ಲಿ ಗಟ್ಟಿಯಿಂದ ಬೇಡದ್ದನ್ನು ತೆಗೆಯುತ್ತೇವೆ. ವೆಲ್ಡಿಂಗ್, 3ಡಿ ಪ್ರಿಂಟಿಂಗ್‌ನಲ್ಲಿ ಇಲ್ಲದ್ದನ್ನು ಪದರ ಪದರವಾಗಿ ಸೇರಿಸುತ್ತೇವೆ. ಒಂದೇ ಜಾಬ್ ಮೇಲೆ ಎರಡನ್ನೂ ಸರದಿಯಂತೆ ಮಾಡುವುದಕ್ಕೆ ಹೈಬ್ರಿಡ್ ಮ್ಯಾನುಫ್ಯಾಕ್ಚರಿಂಗ್ ಎನ್ನುತ್ತಾರೆ. ಲೇಸರ್ ನಾಝಲ್ ಮತ್ತು ಮಿಲ್ಲಿಂಗ್ ಸ್ಪಿಂಡಲ್ ಎರಡೂ ಇರುವ 5 ಆಕ್ಸಿಸ್ ಮಷಿನ್‌ಗಳನ್ನು ಡಿಎಂಜಿ ಮೋರಿ, ಮಜಾಕ್‌ನಂಥ ಕಂಪನಿಗಳು ದಶಕದಿಂದ ಮಾರುತ್ತಿವೆ. ದುಡ್ಡಿದ್ದರೆ ಮಷಿನ್ ಬರುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವ ಬುದ್ಧಿ ಮಾತ್ರ ಕಲಿತೇ ಬರಬೇಕು. ಅದನ್ನು ಕಲಿಯಲು ಸಕಲೇಶಪುರ, ಆಲೂರಿನ ಲೇತ್ ಅಂಗಡಿ ಸಾಕು ಎಂಬುದು ನನ್ನ ಗಟ್ಟಿ ನಂಬಿಕೆ. ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಈ ಕಡೆಯ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಬರೆದಿದ್ದೇನೆ.

1. ಕೊನೆಯಿಂದ ಹಿಂದಕ್ಕೆ ಬನ್ನಿ

ಡ್ರಾಯಿಂಗ್ ಕೈಗೆ ಬಂದ ಕೂಡಲೇ ಮಷಿನ್ ಹತ್ತಿರ ಓಡಬೇಡಿ. ಮುಗಿದ ಭಾಗ ಮೇಜಿನ ಮೇಲಿದೆ ಎಂದುಕೊಳ್ಳಿ. ಅದರ ಯಾವ ಮುಖ ಇನ್ನೊಂದು ಭಾಗಕ್ಕೆ ಕೂರುತ್ತದೆ? ಬೇರಿಂಗ್ ಎಲ್ಲಿ, ಸೀಲ್ ಎಲ್ಲಿ, ಬೋಲ್ಟ್ ಎಲ್ಲಿ? ಆ ಜಾಗಗಳಿಗೆ ಕೆಂಪು ಪೆನ್ಸಿಲ್ ಹಚ್ಚಿ. ಅವು ಕಟ್ಟಿಂಗ್ ಟೂಲ್‌ನಿಂದಲೇ ಮುಗಿಯಬೇಕು. ಪುಡಿಯ ಹಾಸಿನ ಮೇಲೆ ಲೇಸರ್ ಹಾಯಿಸಿ ಮಾಡಿದ ಪ್ರಿಂಟ್‌ನ ಮೈ ಸಾಮಾನ್ಯವಾಗಿ 5ರಿಂದ 15 ಮೈಕ್ರಾನ್ ಒರಟಾಗಿರುತ್ತದೆ. ಒಳ್ಳೆಯ ಮಿಲ್ಲಿಂಗ್ ಅದನ್ನು 1 ಮೈಕ್ರಾನಿನ ಆಸುಪಾಸಿಗೆ ತರುತ್ತದೆ. ಕೆಂಪು ಬೀಳದ ಜಾಗಗಳನ್ನು ಒರಟಾಗಿಯೇ ಬಿಡಿ. ಯಾರೂ ಮುಟ್ಟದ, ಯಾವುದೂ ತಾಗದ ಮುಖವನ್ನು ಕನ್ನಡಿಯಂತೆ ಹೊಳೆಯಿಸಿದರೆ ಗಿರಾಕಿ ಅದಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡುವುದಿಲ್ಲ.

2. ಎಷ್ಟು ಚೂರು ಬೀಳುತ್ತದೆ, ಲೆಕ್ಕ ಹಾಕಿ

ಎಲ್ಲವನ್ನೂ ಪ್ರಿಂಟ್ ಮಾಡುವುದು ದಡ್ಡತನ. ದುಂಡನೆಯ ಬುಶ್, ಚಪ್ಪಟೆ ಪ್ಲೇಟ್, ನೇರ ಶಾಫ್ಟ್ ಇವೆಲ್ಲ ಲೇತ್, ಮಿಲ್ಲಿಂಗ್‌ನಲ್ಲೇ ಅಗ್ಗ. ಕೊಂಡ ಲೋಹದ ಬಹುಪಾಲು ಚೂರಾಗಿ ಬುಟ್ಟಿಗೆ ಬೀಳುವಂಥ ಆಕಾರ ಬಂದಾಗ ಕೂಡಿಸುವ ವಿಧಾನವನ್ನು ಯೋಚಿಸಿ. ವಿಮಾನದ ಕೆಲವು ಭಾಗಗಳಲ್ಲಿ 10 ಕಿಲೋ ಟೈಟಾನಿಯಂ ಕೊಂಡು 1 ಕಿಲೋ ಉಳಿಸಿಕೊಳ್ಳುವುದು ಮಾಮೂಲಿ.

ನಮ್ಮ ಕಣ್ಣೆದುರಿನ ಉದಾಹರಣೆ ಇಸ್ರೋದ ಪಿಎಸ್‌4 ಎಂಜಿನ್. ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತಕ್ಕೆ ಬಳಸುವ ಎಂಜಿನ್ ಇದು. ಹಳೆಯ ವಿಧಾನದಲ್ಲಿ 14 ಭಾಗಗಳನ್ನು ಮಾಡಿ 19 ಕಡೆ ವೆಲ್ಡ್ ಮಾಡಬೇಕಿತ್ತು. ಫೋರ್ಜಿಂಗ್, ಶೀಟ್ ಸೇರಿ ಒಂದು ಎಂಜಿನ್ನಿಗೆ 565 ಕಿಲೋ ಲೋಹ ಬೇಕಾಗುತ್ತಿತ್ತು. ಹೊಸ ವಿನ್ಯಾಸದಲ್ಲಿ ಆ 14 ಭಾಗಗಳೂ ಸೇರಿ ಒಂದೇ ತುಂಡಾದವು, 19 ಬೆಸುಗೆಗಳೂ ಹೋದವು, 13.7 ಕಿಲೋ ಲೋಹದ ಪುಡಿ ಸಾಕಾಯಿತು. ತಯಾರಿಕೆಯ ಸಮಯದಲ್ಲಿ ಶೇ. 60ರಷ್ಟು ಉಳಿಯಿತು. ಪ್ರಿಂಟ್ ಮಾಡಿದ್ದು ಬೆಂಗಳೂರಿನ ವಿಪ್ರೋ 3ಡಿ. 2024ರ ಮೇ 9ರಂದು ಮಹೇಂದ್ರಗಿರಿಯಲ್ಲಿ ಈ ಎಂಜಿನ್ ಒಂದೇ ಸಮನೆ 665 ಸೆಕೆಂಡ್ ಉರಿದು ಪರೀಕ್ಷೆ ಗೆದ್ದಿತು.

ಇಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಆ 19 ಬೆಸುಗೆಗಳು. ಒಂದು ಬೆಸುಗೆ ಎಂದರೆ ಒಂದು ಸಂಶಯ, ಒಂದು ಎಕ್ಸ್‌ರೇ, ಒಂದು ಸಹಿ. ಕಿಲೋ ಲೆಕ್ಕದ ಜೊತೆಗೆ ಜಾಯಿಂಟ್ ಲೆಕ್ಕವನ್ನೂ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

3. ಕ್ರಮ ಬದಲಾದರೆ ಆಕಾರವೇ ಬದಲು

5ಕ್ಕೆ 3 ಕೂಡಿಸಿ 2 ಕಳೆದರೂ 6, 2 ಕಳೆದು 3 ಕೂಡಿಸಿದರೂ 6. ಆಕಾರಗಳ ಗಣಿತದಲ್ಲಿ ಈ ಸೌಲಭ್ಯ ಇಲ್ಲ. ಒಂದು ಉಕ್ಕಿನ ಬ್ಲಾಕ್ ತೆಗೆದುಕೊಳ್ಳಿ. ಮೊದಲು ತೂತು ಕೊರೆದು ಆಮೇಲೆ ಅದರ ಮೇಲೆ ಬಾಸ್ (ದುಂಡನೆಯ ಉಬ್ಬು) ಕೂರಿಸಿದರೆ ತೂತಿನ ಬಾಯಿ ಮುಚ್ಚುತ್ತದೆ. ಮೊದಲು ಬಾಸ್ ಕೂರಿಸಿ ಆಮೇಲೆ ಕೊರೆದರೆ ತೂತು ಎರಡನ್ನೂ ಹಾದುಹೋಗುತ್ತದೆ. ಅದೇ ಬ್ಲಾಕ್, ಅದೇ ಬಾಸ್, ಅದೇ ಡ್ರಿಲ್. ಕೈಗೆ ಬಂದದ್ದು ಎರಡು ಬೇರೆ ಭಾಗ.

ಜಾಬ್‌ನಲ್ಲಿ 10 ಕೆಲಸಗಳಿದ್ದರೆ ಅವನ್ನು ಸಾಲಾಗಿ ಜೋಡಿಸಲು 36,28,800 ಬಗೆ ಇವೆ. ಎಲ್ಲವನ್ನೂ ಯಾರೂ ನೋಡಿ ಮುಗಿಸಲಾರರು, ನೋಡಬೇಕಾಗಿಯೂ ಇಲ್ಲ. ಒಂದು ಕಾಗದದಲ್ಲಿ ‘ಇದಕ್ಕಿಂತ ಮೊದಲು ಇದು ಆಗಲೇಬೇಕು’ ಎಂಬ ಜೋಡಿಗಳನ್ನು ಮಾತ್ರ ಬರೆಯಿರಿ: ಬಾಸ್ ಆದ ಮೇಲೆ ತೂತು, ಒಳಗಿನ ಕಾಲುವೆ ಮುಗಿದ ಮೇಲೆ ಮುಚ್ಚಳ, ಸ್ಟ್ರೆಸ್ ರಿಲೀವ್ ಆದ ಮೇಲೆ ಫಿನಿಶ್ ಕಟ್. ಇಂಥ ಐದಾರು ಜೋಡಿ ಬರೆಯುವಷ್ಟರಲ್ಲಿ ಲಕ್ಷಾಂತರ ಸಾಲುಗಳು ತಾವಾಗಿಯೇ ಬಿದ್ದುಹೋಗುತ್ತವೆ. ಪ್ಲಾನಿಂಗ್ ಸಾಫ್ಟ್‌ವೇರ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ.

4. ಆಮೇಲೆ ಟೂಲ್ ಹೋಗದ ಜಾಗವನ್ನು ಈಗಲೇ ಮುಗಿಸಿ

ಹನ್ನೆರಡರಲ್ಲಿ ಒಂದನ್ನೇ ನೆನಪಿಡಬೇಕಾದರೆ ಇದನ್ನು ನೆನಪಿಡಿ.

ಎರಡು ತಟ್ಟೆಗಳ ನಡುವೆ ಬಾಗಿದ ರೆಕ್ಕೆಗಳಿರುವ ಪಂಪಿನ ಇಂಪೆಲ್ಲರ್ ಇದೆಯಲ್ಲ, ಅದನ್ನೇ ನೋಡಿ. ಮೇಲಿನ ತಟ್ಟೆ ಕೂತ ಮೇಲೆ ಒಳಗಿನ ರೆಕ್ಕೆಗಳನ್ನು ಕಟ್ಟರ್ ಮುಟ್ಟಲಾರದು. ಪೂರ್ತಿ ಪ್ರಿಂಟ್ ಮಾಡಿದರೆ ಒಳಮೈ ಒರಟಾಗಿ ಉಳಿದು ನೀರಿನ ಓಟ ಕೆಡುತ್ತದೆ. ಹೈಬ್ರಿಡ್ ದಾರಿಯೇ ಬೇರೆ. ಕೆಳತಟ್ಟೆಯ ಮೇಲೆ ರೆಕ್ಕೆಯನ್ನು ಸ್ವಲ್ಪ ಎತ್ತರಕ್ಕೆ ಬೆಳೆಸುತ್ತಾರೆ, ಟೂಲ್ ಇನ್ನೂ ಸುಲಭವಾಗಿ ಇಳಿಯುವಾಗಲೇ ಮಿಲ್ ಮಾಡುತ್ತಾರೆ, ಮತ್ತೆ ಬೆಳೆಸುತ್ತಾರೆ, ಮತ್ತೆ ಮಿಲ್ ಮಾಡುತ್ತಾರೆ, ಕೊನೆಗೆ ಮೇಲ್ಭಾಗ ಮುಚ್ಚುತ್ತಾರೆ. ಟೂಲ್ ಗಿಡ್ಡವಾದಷ್ಟೂ ನಡುಕ ಕಡಿಮೆ, ಮೈ ನಯ.

ಪ್ಲಾಸ್ಟಿಕ್ ಮೋಲ್ಡ್ ಮಾಡುವವರಿಗೆ ಜಪಾನಿನ ಮತ್ಸುರಾ ಕಂಪನಿಯ ಲೂಮೆಕ್ಸ್ ಮಷಿನ್ ಇದೇ ಕಾರಣಕ್ಕೆ ಇಷ್ಟ. ಅದು ಲೋಹದ ಪುಡಿಯನ್ನು ಕೆಲವು ಪದರ ಕರಗಿಸುತ್ತದೆ, ಅಂಚನ್ನು ಮಿಲ್ ಮಾಡುತ್ತದೆ, ಮತ್ತೆ ಪುಡಿ ಹಾಸುತ್ತದೆ. ಹೀಗಾಗಿ ಮೋಲ್ಡ್‌ನ ಆಳವಾದ ಸಂದಿಗಳನ್ನೂ ಗಿಡ್ಡ ಟೂಲ್‌ನಲ್ಲೇ ಮುಗಿಸಬಹುದು. ತಂಪು ನೀರಿನ ಕಾಲುವೆಗಳನ್ನು ಮೋಲ್ಡ್‌ನ ಆಕಾರಕ್ಕೆ ತಕ್ಕಂತೆ ಒಳಗೊಳಗೇ ಬಳಸಿ ಒಯ್ಯಬಹುದು. ಇದರ ಬೇರು ಇನ್ನೂ ಹಳೆಯದು. 1990ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್, ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳಲ್ಲಿ ಫ್ರಿಟ್ಸ್ ಪ್ರಿನ್ಜ್, ಲೀ ವೈಸ್ ಮತ್ತು ಸಂಗಡಿಗರು ಒಂದು ಪದರ ಸುರಿದು, ಅದನ್ನು ಮಿಲ್ ಮಾಡಿ, ಬೇಕಿದ್ದರೆ ನಡುವೆ ಸೆನ್ಸರ್ ಇಟ್ಟು, ಮುಂದಿನ ಪದರ ಸುರಿಯುವ ವಿಧಾನವನ್ನು ಬೆಳೆಸಿದರು.

ಒಂದು ಎಚ್ಚರ. ಟೂಲ್‌ಗಷ್ಟೇ ಅಲ್ಲ, ಕೂಡಿಸುವ ನಾಝಲ್‌ಗೂ ಜಾಗ ಬೇಕು. ಅದರ ತಲೆ ದಪ್ಪ. ಎತ್ತರದ ಎರಡು ಗೋಡೆಗಳ ನಡುವಿನ ಸಂದಿಯಲ್ಲಿ ಅದು ಇಳಿಯುವುದಿಲ್ಲ. ಹಾಗಿದ್ದರೆ ಸಂದಿಯ ತಳದ ಕೆಲಸವನ್ನು ಗೋಡೆಗಳಿಗಿಂತ ಮೊದಲೇ ಮುಗಿಸಬೇಕು. ರಟ್ಟಿನಲ್ಲಿ ನಾಝಲ್, ಟೂಲ್ ಹೋಲ್ಡರ್‌ಗಳ ಅಳತೆಯ ಆಕಾರ ಕತ್ತರಿಸಿ, ಡ್ರಾಯಿಂಗ್ ಮೇಲೆ ಸರಿಸಿ ನೋಡಿ. ಲಕ್ಷಾಂತರ ರೂಪಾಯಿಯ ತಲೆ ಗೋಡೆಗೆ ಬಡಿಯುವುದನ್ನು ಆ ರಟ್ಟಿನ ತುಂಡು ತಪ್ಪಿಸುತ್ತದೆ.

5. ಬುಡ ಗಟ್ಟಿ ಮಾಡಿಕೊಂಡು ಕೂಡಿಸಿ

2024ರ ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿತು. ರೈಲುಗಳು ನಿಂತವು. ಬಿಡದೆ ಸುರಿಯುವ ಮಳೆಯಲ್ಲೇ ಬಂಡೆಗಲ್ಲು, ಮರಳಿನ ಚೀಲ, ಗೇಬಿಯನ್ (ಕಲ್ಲು ತುಂಬಿದ ತಂತಿಬುಟ್ಟಿ) ಜೋಡಿಸಿ ನೂರಾರು ಜನ ಹಗಲಿರುಳು ದುಡಿದರು. ಆಗಸ್ಟ್‌ನಲ್ಲಿ ಪ್ರಯಾಣಿಕರ ಗಾಡಿಗಳು ಮತ್ತೆ ಓಡಿದವು. ಆ ಮಳೆಯಲ್ಲಿ ನಿಂತು ಕೆಲಸ ಮಾಡಿದವರಿಗೆ ಈ ಭಾಗದ ನಾವೆಲ್ಲ ಋಣಿಗಳು.

ಇಳಿಜಾರಿನ ಮೇಲೆ ಹೊಸ ಮಣ್ಣು ತುಂಬುವವರು ಪಾಲಿಸುವ ಒಂದು ನಿಯಮವಿದೆ. ಹಳೆಯ ಇಳಿಜಾರಿನ ಮೇಲೆ ಹಾಗೇ ಸುರಿಯುವುದಿಲ್ಲ. ಮೊದಲು ಅದರಲ್ಲಿ ಮೆಟ್ಟಿಲು ಕಡಿಯುತ್ತಾರೆ, ಆಮೇಲೆ ಒಂದೊಂದೇ ಪದರ ಹಾಕಿ ದಮ್ಮಸು ಮಾಡುತ್ತಾರೆ. ಆಗ ಹೊಸದು ಹಳೆಯದನ್ನು ಕಚ್ಚಿ ಹಿಡಿಯುತ್ತದೆ. ಕೂಡಿಸುವ ಮೊದಲು ಒಂದಿಷ್ಟು ಕಳೆಯಲೇಬೇಕು.

ಲೋಹದಲ್ಲೂ ಹಾಗೆಯೇ. ತುಕ್ಕು, ಗ್ರೀಸ್, ಹಳೆಯ ಬಿರುಕುಗಳ ಮೇಲೆ ಲೋಹ ತುಂಬಿದರೆ ಬಿರುಕು ಒಳಗೇ ಕೂತಿರುತ್ತದೆ. ಮೊದಲು ಮಿಲ್ ಅಥವಾ ಗ್ರೈಂಡ್ ಮಾಡಿ ಹೊಸ ಮೈ ತೆರೆಯಿರಿ. ಡೈ ಪೆನಿಟ್ರಂಟ್ ಹಚ್ಚಿ ಬಿರುಕು ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಆ ಬಣ್ಣವನ್ನು ಪೂರ್ತಿ ಒರೆಸಿ ತೆಗೆಯಿರಿ. ಚೂಪು ಮೂಲೆಗಳನ್ನು ದುಂಡಗೆ ಮಾಡಿ. ಆಮೇಲೆ ನಾಝಲ್ ಅಥವಾ ಟಾರ್ಚ್ ಹಿಡಿಯಿರಿ.

6. ಅಳತೆಯ ನೆಲೆಯನ್ನು ಕಾಪಾಡಿ

ಕೂಡಿಸಿ, ಕಳೆದು, ತಿರುಗಿಸಿ ಹಿಡಿದು, ಮತ್ತೆ ಕೂಡಿಸುವಾಗ ಪ್ರತಿ ಸಲವೂ ಮಷಿನ್‌ಗೆ ‘ಇಲ್ಲಿಂದ ಅಳೆ’ ಎಂದು ಹೇಳಲು ಬದಲಾಗದ ಜಾಗವೊಂದು ಬೇಕು. ಶಾಫ್ಟ್‌ನಲ್ಲಿ ಅದು ಎರಡೂ ತುದಿಯ ಸೆಂಟರ್ ಹೋಲ್. ಅದರ ಮೇಲೆ ವೆಲ್ಡ್‌ನ ಕಿಡಿ ಸಿಡಿದು ಅಂಟಿದರೂ ಲೆಕ್ಕ ತಪ್ಪುತ್ತದೆ, ಮುಚ್ಚಿಡಿ. ಪ್ರಿಂಟ್ ಆದ ಡೊಂಕು ಆಕಾರಗಳಿಗೆ ಹಿಡಿಯಲು ನೇರವಾದ ಮುಖವೇ ಇರುವುದಿಲ್ಲ. ಡಿಸೈನ್ ಮಾಡುವಾಗಲೇ ಎರಡು ಮೂರು ಕಿವಿಗಳನ್ನು ಸೇರಿಸಿ, ಎಲ್ಲ ಮುಗಿದ ಮೇಲೆ ಕತ್ತರಿಸಿ ತೆಗೆಯಿರಿ. ವೈಸ್‌ನಲ್ಲಿ ಹಿಡಿಯಲಾಗದ ಭಾಗವನ್ನು ಎಷ್ಟೇ ಚೆನ್ನಾಗಿ ಪ್ರಿಂಟ್ ಮಾಡಿದರೂ ಅದು ಗುಜರಿಗೇ ಹೋಗುತ್ತದೆ.

7. ಶಾಖ ಎಲ್ಲಿ ಸೇರುತ್ತದೆ ಎಂದು ಮೊದಲೇ ಯೋಚಿಸಿ

ನಮ್ಮ ಕಡೆಯ ಪ್ರತಿ ಲೇತ್ ಅಂಗಡಿಯೂ ಹೈಬ್ರಿಡ್ ಕೆಲಸವನ್ನು ದಶಕಗಳಿಂದ ಮಾಡುತ್ತಿದೆ. ಕಾಫಿ ಕುಯ್ಲಿನ ದಿನಗಳಲ್ಲಿ ಪಲ್ಪರ್‌ನ ಶಾಫ್ಟ್ ಬರುತ್ತದೆ. ಗ್ರೀಸ್ ಕಾಣದೆ ಬೇರಿಂಗ್ ಹಿಡಿದು, ಶಾಫ್ಟ್ ಒಳಗೇ ತಿರುಗಿ ಸವೆದಿರುತ್ತದೆ. ಹಣ್ಣು ರಾಶಿ ಬಿದ್ದಿದೆ, ಕುಯ್ದ ದಿನವೇ ಪಲ್ಪ್ ಆಗದಿದ್ದರೆ ಹುಳಿಯುತ್ತದೆ, ಹೊಸ ಶಾಫ್ಟ್ ಬರುವವರೆಗೆ ಕಾಯಲು ಆಗದು. ಸವೆದ ಕಡೆ ವೆಲ್ಡಿಂಗ್ ತುಂಬಿಸಿ ಟರ್ನಿಂಗ್ ಮಾಡಿಕೊಡಿ ಎನ್ನುತ್ತಾರೆ ತೋಟದವರು.

ಅವಸರದವನು ಸವೆದ ಜಾಗದ ಸುತ್ತ ಒಂದೇ ಸಮನೆ ರಾಡ್ ಎಳೆಯುತ್ತಾನೆ. ಒಂದು ಪಕ್ಕ ಮೊದಲು ಕಾದು, ಹಿಗ್ಗಿ, ಆರುವಾಗ ಕುಗ್ಗಿ ಶಾಫ್ಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಲೇತ್‌ಗೆ ಹಾಕಿದರೆ ಡಯಲ್ ಗೇಜ್‌ನ ಮುಳ್ಳು ಕುಣಿಯುತ್ತದೆ. ಸೀಟನ್ನು ಟರ್ನ್ ಮಾಡಿ ಸರಿಪಡಿಸಬಹುದು, ಉಳಿದ ಉದ್ದದ ಡೊಂಕು ಹಾಗೇ ಇರುತ್ತದೆ.

ಗೊತ್ತಿದ್ದವರು ಮಾಡುವುದನ್ನು ನೋಡಿ. ಮೊದಲು ಸೀಟನ್ನು ಎಲ್ಲ ಕಡೆ ಸಮನಾಗಿ, ಸವೆತದ ಗುರುತು ಮಾಯವಾಗುವಷ್ಟು ತೆಗೆಯುತ್ತಾರೆ. ಹೆಗಲಿನ ಹತ್ತಿರ ಚೂಪು ಮೂಲೆ ಬಿಡದೆ ರೇಡಿಯಸ್ ಕೊಡುತ್ತಾರೆ. ಕೀವೇ ಇದ್ದರೆ ತಾಮ್ರದ ತುಂಡು ಬಿಗಿಯಾಗಿ ಇಡುತ್ತಾರೆ, ವೆಲ್ಡ್ ಅದಕ್ಕೆ ಅಂಟುವುದಿಲ್ಲ. ಇಎನ್‌8ನಂಥ ಉಕ್ಕಾದರೆ ಮೊದಲೇ ಕಾಯಿಸಿಕೊಳ್ಳುತ್ತಾರೆ, ಒಣಗಿಸಿದ 7018 ರಾಡ್ ಬಳಸುತ್ತಾರೆ. ಬೀಡ್‌ಗಳನ್ನು ಶಾಫ್ಟಿನ ಉದ್ದಕ್ಕೆ ಎಳೆಯುತ್ತಾರೆ: ಒಂದು ಮೇಲೆ, ಮುಂದಿನದು ಅದರ ನೇರ ಎದುರು ಪಕ್ಕದಲ್ಲಿ, ಆಮೇಲೆ ಎಡ, ಆಮೇಲೆ ಬಲ. ಒಂದು ಬೀಡ್ ಎಳೆದದ್ದನ್ನು ಎದುರಿನದು ಮರಳಿ ಎಳೆಯುತ್ತದೆ. ಮುಗಿದ ಮೇಲೆ ನೀರು ಹಾಕುವುದಿಲ್ಲ, ಬೂದಿಯಲ್ಲೋ ಸುಣ್ಣದ ಪುಡಿಯಲ್ಲೋ ಹೂತಿಟ್ಟು ನಿಧಾನವಾಗಿ ಆರಲು ಬಿಡುತ್ತಾರೆ. ಆಮೇಲೆ ಕಾರ್ಬೈಡ್ ಟೂಲ್‌ನಿಂದ ರಫ್, ಕೊನೆಗೆ ಫಿನಿಶ್. 40 ಮಿ.ಮೀ. ಸೀಟಿಗೆ ಕೆ6 ಫಿಟ್ ಬೇಕೆಂದರೆ ಅಳತೆ 40.002ರಿಂದ 40.018 ಮಿ.ಮೀ. ಒಳಗೆ ಬರಬೇಕು.

ಲೇಸರ್ ಮಷಿನ್‌ನ ಪ್ಲಾನಿಂಗ್ ಪಾಠವೂ ಇದೇ. ಒಂದೇ ಕಡೆ ಪದರದ ಮೇಲೆ ಪದರ ಹಾಕುತ್ತಾ ಹೋದರೆ ಭಾಗ ಬಾಗುತ್ತದೆ. ಎದುರು ಬದುರು ಹಾಕಿ. ಒಂದು ಭಾಗ ಆರುವಷ್ಟು ಹೊತ್ತು ಇನ್ನೊಂದು ಕಡೆ ಮಿಲ್ ಮಾಡಿದರೆ ಸಮಯವೂ ಉಳಿಯುತ್ತದೆ. ಆದರೆ ಬಿಸಿ ಇರುವಾಗ ಫಿನಿಶ್ ಅಳತೆ ತೆಗೆಯಬೇಡಿ. 100 ಮಿ.ಮೀ. ಉದ್ದದ ಉಕ್ಕು 50 ಡಿಗ್ರಿ ಹೆಚ್ಚು ಕಾದರೆ ಸುಮಾರು 0.06 ಮಿ.ಮೀ. ಬೆಳೆಯುತ್ತದೆ. ಮೇಲೆ ಹೇಳಿದ ಬೇರಿಂಗ್ ಸೀಟ್‌ಗೆ ಇರುವ ರಿಯಾಯಿತಿ 0.016 ಮಿ.ಮೀ. ಮಾತ್ರ.

8. ಹೆಚ್ಚು ಕೂಡಿಸಿ, ತಿಳಿದು ಕಳೆಯಿರಿ

ಅಲೋಯನ್ಸ್ ಎಂದರೆ ಏನೆಂದು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುವುದು ರೈಲು ಹಳಿಯ ಥರ್ಮಿಟ್ ವೆಲ್ಡಿಂಗ್. ಭಾರತೀಯ ರೈಲ್ವೆಯ ಪದ್ಧತಿಯಲ್ಲಿ ಎರಡು ಹಳಿಗಳ ತುದಿಗಳ ನಡುವೆ ಸಾಮಾನ್ಯವಾಗಿ 25 ಮಿ.ಮೀ. ಸಂದಿ ಬಿಡುತ್ತಾರೆ. ಸುತ್ತ ಮೋಲ್ಡ್ ಕಟ್ಟಿ, ತುದಿಗಳನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಮೇಲಿನ ಮೂಸೆಯಲ್ಲಿ ಅಲ್ಯುಮಿನಿಯಂ ಪುಡಿ ಮತ್ತು ಕಬ್ಬಿಣದ ಆಕ್ಸೈಡ್ ಮಿಶ್ರಣಕ್ಕೆ ಬೆಂಕಿ ಕೊಡುತ್ತಾರೆ. 2,000 ಡಿಗ್ರಿ ಮೀರಿದ ಶಾಖದಲ್ಲಿ ಕರಗಿದ ಉಕ್ಕು ಇಳಿದು ಸಂದಿ ತುಂಬುತ್ತದೆ.

ಇಲ್ಲಿನ ಎರಡು ಜಾಣತನಗಳನ್ನು ಗಮನಿಸಿ. ಮೊದಲನೆಯದು, ಎರಕ ಹೊಯ್ಯುವ ಮುನ್ನವೇ ಜಾಯಿಂಟನ್ನು ತುಸು ಮೇಲಕ್ಕೆತ್ತಿ ಇಟ್ಟಿರುತ್ತಾರೆ. ಆರುವಾಗ ಅದು ಕುಗ್ಗಿ ಇಳಿಯುತ್ತದೆ ಎಂಬುದು ಗೊತ್ತು, ಇಳಿದ ಮೇಲೆ ಸಮ ಆಗಲಿ ಎಂದೇ ಎತ್ತಿದ್ದು. ಆಗಲಿರುವ ವಿಕಾರವನ್ನು ಮೊದಲೇ ಎದುರು ದಿಕ್ಕಿನಲ್ಲಿ ಕೊಡುವುದು ಎಂದರೆ ಇದೇ. ಎರಡನೆಯದು, ಕಳೆಯುವ ಕೆಲಸವನ್ನು ಎರಡು ಕಂತಿನಲ್ಲಿ ಮಾಡುತ್ತಾರೆ. ಉಕ್ಕು ಗಟ್ಟಿಯಾಗಿ ಇನ್ನೂ ಕೆಂಪಗಿರುವಾಗ ಟ್ರಿಮ್ಮರ್ ಹಾಕಿ ಹೆಚ್ಚಿನದನ್ನು ಕೊಯ್ಯುತ್ತಾರೆ, ಆಗ ಅದು ಮೆತ್ತಗಿರುತ್ತದೆ. ಪೂರ್ತಿ ಆರಿದ ಮೇಲೆ ಗ್ರೈಂಡರ್‌ನಿಂದ ಹಳಿಯ ತಲೆಗೆ ಆಕಾರ ಕೊಡುತ್ತಾರೆ. ತಲೆ ಕೂದಲೆಳೆಯಷ್ಟು ಉಬ್ಬಿದ್ದರೆ ನಡೆಯುತ್ತದೆ, ತಗ್ಗಿರುವಂತೆ ಮಾತ್ರ ಇಲ್ಲ. ತಗ್ಗಿನಲ್ಲಿ ಪ್ರತಿ ಚಕ್ರವೂ ಬಡಿಯುತ್ತದೆ. ಕೊನೆಗೆ ಅಲ್ಟ್ರಾಸೋನಿಕ್ ಪರೀಕ್ಷೆ.

ನಿಮ್ಮ ಜಾಬ್‌ಗೂ ಇದೇ ಅಳತೆಗೋಲು. ಲೇಸರ್ ಮತ್ತು ಪುಡಿಯಿಂದ ತುಂಬಿದ ಮೈಗೆ 1ರಿಂದ 2 ಮಿ.ಮೀ. ಹೆಚ್ಚು ಬಿಡಿ. ವೆಲ್ಡಿಂಗ್ ವೈರ್‌ನಿಂದ ತುಂಬಿದ ಮೈ ಅಲೆ ಅಲೆಯಾಗಿರುವುದರಿಂದ ಇನ್ನೂ ಹೆಚ್ಚು ಬೇಕು. ಅಲೆಯ ತಗ್ಗು ಎಷ್ಟು ಆಳವಿದೆ ಎಂದು ಅಳೆದು, ಅದರ ಕೆಳಗೂ ಟೂಲ್ ಹಾಯುವಂತೆ ಲೆಕ್ಕ ಹಾಕಿ. ಒಂದು ಕಡೆ ಕರಿ ಗುಳಿ ಉಳಿದರೂ ಮತ್ತೆ ಟಾರ್ಚ್ ಹಿಡಿಯಬೇಕು, ಮತ್ತೆ ಶಾಖ, ಮತ್ತೆ ಡೊಂಕು.

(ಹಳಿ ಕೆಲಸ ನೋಡುವ ಆಸೆಗೆ ಎಡಕುಮೇರಿ ಹಳಿ ಮೇಲೆ ನಡೆಯಲು ಹೋಗಬೇಡಿ. ರೈಲ್ವೆ ಅದನ್ನು ನಿಷೇಧಿಸಿದೆ. ಸುರಂಗದಲ್ಲಿ ಗಾಡಿ ಬಂದರೆ ಸರಿಯಲು ಜಾಗ ಸಿಗುವುದು ಕಷ್ಟ.)

9. ಕೊನೆಯವರೆಗೆ ಕಾಯದೆ ನಡುವೆಯೇ ಅಳೆಯಿರಿ

ಮುಚ್ಚಿಹೋಗುವ ಮುಖವನ್ನು ಮುಚ್ಚುವ ಮುನ್ನ ಅಳೆಯಿರಿ. ಪ್ರತಿ ಕೂಡಿಕೆಯಾದ ಮೇಲೆ ಪ್ರೋಬ್ ಮುಟ್ಟಿಸಿ, ನಿಜವಾದ ಎತ್ತರ ಎಷ್ಟು ಬಂದಿದೆ ನೋಡಿ, ಮುಂದಿನ ಪದರದ ಪ್ರೋಗ್ರಾಂ ಅದಕ್ಕೆ ತಕ್ಕಂತೆ ತಿದ್ದಿ. ಪದರಕ್ಕೆ 0.05 ಮಿ.ಮೀ. ತಗ್ಗಿದರೂ 100 ಪದರಕ್ಕೆ 5 ಮಿ.ಮೀ. ಆಗುತ್ತದೆ. ಪ್ಲಾನ್‌ನಲ್ಲಿ ಅಳತೆಯನ್ನೂ ಒಂದು ಕೆಲಸವೆಂದೇ ನಂಬರ್ ಹಾಕಿ ಬರೆಯಿರಿ. ಬರೆಯದ ಅಳತೆಯನ್ನು ಅವಸರದಲ್ಲಿ ಯಾರೂ ತೆಗೆಯುವುದಿಲ್ಲ.

10. ಪುಡಿ ಇರುವಲ್ಲಿ ಕೂಲಂಟ್ ಬೇಡ

ಲೋಹದ ಪುಡಿಗೆ ಕೂಲಂಟ್ ತಾಗಿದರೆ ಆ ಪುಡಿ ಕೆಟ್ಟಂತೆ. ಜಾಬ್ ಮೇಲೆ ಕೂಲಂಟ್ ಉಳಿದಿದ್ದರೆ ಮುಂದಿನ ಪದರದಲ್ಲಿ ಗಾಳಿಗುಳ್ಳೆ. ಹೈಬ್ರಿಡ್ ಮಷಿನ್‌ನಲ್ಲಿ ಸಾಧ್ಯವಾದಷ್ಟು ಒಣ ಕಟ್ಟಿಂಗ್ ಮಾಡಿ, ಕೂಲಂಟ್ ಬೇಕಾದ ಕೆಲಸಗಳನ್ನೆಲ್ಲ ಕೊನೆಗೆ ಒಟ್ಟಿಗೆ ಇಡಿ. ಮಲೆನಾಡಿನ ಮಳೆಗಾಲದ ತೇವ ಪುಡಿಗೂ ವೆಲ್ಡಿಂಗ್ ರಾಡ್‌ಗೂ ಸಮಾನ ಶತ್ರು, ಎರಡನ್ನೂ ಒಣಗಿಸಿಡಿ. ಟೈಟಾನಿಯಂ, ಅಲ್ಯುಮಿನಿಯಂ ಪುಡಿಗೆ ಬೆಂಕಿ ಬೇಗ ಹತ್ತುತ್ತದೆ. ಹತ್ತಿರ ಕಿಡಿ ಬೇಡ. ಪುಡಿ ಉಸಿರಿನೊಳಗೂ ಹೋಗುತ್ತದೆ, ಮಾಸ್ಕ್ ಇಲ್ಲದೆ ಡಬ್ಬಿ ತೆರೆಯಬೇಡಿ.

11. ಬುಡದ ಪ್ಲೇಟ್‌ನಿಂದ ಬಿಡಿಸಲು ಅವಸರ ಬೇಡ

ಪ್ರಿಂಟ್ ಮುಗಿದ ಭಾಗದೊಳಗೆ ಬಿಗಿತ ಅಡಗಿರುತ್ತದೆ. ಪ್ಲೇಟ್ ಅದನ್ನು ಹಿಡಿದಿಟ್ಟಿರುತ್ತದೆ. ಹಾಗೆಯೇ ಕತ್ತರಿಸಿದರೆ ಭಾಗ ಚಿಮ್ಮಿ ಬಾಗುತ್ತದೆ. ಪ್ಲೇಟ್ ಸಮೇತ ಸ್ಟ್ರೆಸ್ ರಿಲೀವ್ ಮಾಡಿ, ಆಮೇಲೆ ವೈರ್ ಕಟ್‌ನಲ್ಲಿ ಬಿಡಿಸಿ, ಆಮೇಲೆ ಫಿನಿಶ್ ಮಾಡಿ. ಈ ಮೂರರ ಕ್ರಮ ಬದಲಿಸಬೇಡಿ.

12. ಕೋಟಿಯ ಮಷಿನ್‌ಗೆ ಕಾಯಬೇಡಿ

ಐಐಟಿ ಬಾಂಬೆಯಲ್ಲಿ ಕೆ.ಪಿ. ಕರುಣಾಕರನ್ ಮತ್ತು ಸಂಗಡಿಗರು ಸಾಮಾನ್ಯ ಸಿಎನ್‌ಸಿ ಮಿಲ್ಲಿಂಗ್ ಮಷಿನ್‌ನ ಸ್ಪಿಂಡಲ್ ಪಕ್ಕದಲ್ಲೇ ಮಿಗ್ ವೆಲ್ಡಿಂಗ್ ಟಾರ್ಚ್ ಕೂರಿಸಿ ಹೈಬ್ರಿಡ್ ಮಷಿನ್ ಮಾಡಿದರು. 2010ರಲ್ಲಿ ಆ ಕೆಲಸವನ್ನು ಕಡಿಮೆ ಖರ್ಚಿನ ವಿಧಾನವೆಂದೇ ಪ್ರಕಟಿಸಿದರು. ಟಾರ್ಚ್ ಚಕ್ಕುಲಿ ಒತ್ತಿದ ಹಾಗೆ ಸಾಲಿನ ಪಕ್ಕ ಸಾಲು ಕರಗಿದ ವೈರ್ ಹಾಕುತ್ತದೆ, ಕಟ್ಟರ್ ಆ ಪದರದ ತಲೆಯನ್ನು ಸಮ ಮಾಡುತ್ತದೆ, ಮತ್ತೆ ಮೇಲಿನ ಪದರ. ಆಕಾರ ಸಿದ್ಧವಾದ ಮೇಲೆ ಅದೇ ಮಷಿನ್‌ನಲ್ಲಿ ಫಿನಿಶ್. ಮಿಗ್ ಸೆಟ್ ಮತ್ತು ಮಿಲ್ಲಿಂಗ್ ಮಷಿನ್ ಎರಡೂ ಹಾಸನದ ಕೈಗಾರಿಕಾ ಪ್ರದೇಶಕ್ಕೆ ಹೊಸವಲ್ಲ.

ಕಲಿಯಲು ದೂರ ಹೋಗಬೇಕಾಗಿಯೂ ಇಲ್ಲ. ಸರ್ಕಾರದ ಟೂಲ್ ರೂಂ ಜಿಟಿಟಿಸಿಯ ಕೇಂದ್ರ ಹಾಸನದಲ್ಲೇ ಇದೆ. ಬೆಂಗಳೂರಿನ ಸಿಎಂಟಿಐ 1962ರಿಂದ ಮಷಿನ್ ಟೂಲ್‌ಗಳ ಮೇಲೆ ಕೆಲಸ ಮಾಡುತ್ತಿದೆ, ತರಬೇತಿಯನ್ನೂ ಕೊಡುತ್ತದೆ. ತುಮಕೂರು ರಸ್ತೆಯಲ್ಲಿ ನಡೆಯುವ ಇಮ್‌ಟೆಕ್ಸ್ ಪ್ರದರ್ಶನಕ್ಕೆ ಹೋದರೆ ಮಷಿನ್‌ಗಳನ್ನು ಕಣ್ಣಾರೆ ನೋಡಬಹುದು. ಹೋಗುವಾಗ ಒಂದು ಡ್ರಾಯಿಂಗ್ ಜೇಬಿನಲ್ಲಿರಲಿ. ‘ಇದನ್ನು ಯಾವ ಕ್ರಮದಲ್ಲಿ ಮಾಡುತ್ತೀರಿ’ ಎಂದು ಕೇಳಿ. ಸೇಲ್ಸ್‌ನವರು ಬಿಟ್ಟುಹೋಗಿ ಅಪ್ಲಿಕೇಶನ್ ಎಂಜಿನಿಯರ್ ಬಂದು ಕೂರುತ್ತಾರೆ, ಆಮೇಲಿನ ಅರ್ಧ ಗಂಟೆಯಲ್ಲಿ ಕಲಿಯುವುದು ಬಹಳ.

ಅಲ್ಲಿಯವರೆಗೆ ಒಂದು 200 ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಅಂಗಡಿಗೆ ಬಂದ ಪ್ರತಿ ಶಾಫ್ಟ್, ಪ್ರತಿ ಗೇರ್, ಪ್ರತಿ ಮುರಿದ ಬ್ರಾಕೆಟ್‌ಗೆ ಒಂದು ಪುಟ. ಎಡಕ್ಕೆ ಕೆಲಸದ ನಂಬರ್, ಪಕ್ಕದಲ್ಲಿ ‘ಕೂಡು’, ‘ಕಳೆ’, ‘ಅಳೆ’ ಇವುಗಳಲ್ಲಿ ಒಂದು, ಆಮೇಲೆ ಎಲ್ಲಿ ಹಿಡಿದಿರಿ, ಎಷ್ಟು ಅಲೋಯನ್ಸ್ ಬಿಟ್ಟಿರಿ, ಆರಿದ ಮೇಲೆ ಎಷ್ಟು ಡೊಂಕು ಬಂತು. ಕೆಲಸಕ್ಕೆ ಸಂದರ್ಶನ ಕೊಡಲು ಹೋದಾಗ ಸರ್ಟಿಫಿಕೇಟ್ ಜೊತೆಗೆ ಆ ಪುಸ್ತಕವನ್ನೂ ಮೇಜಿನ ಮೇಲಿಡಿ. ನವೆಂಬರ್‌ನಲ್ಲಿ ಅರೇಬಿಕಾ ಕುಯ್ಲು ಶುರುವಾಗುತ್ತದೆ, ಪಲ್ಪರ್ ಶಾಫ್ಟ್‌ಗಳು ಬರುತ್ತವೆ. ಮೊದಲ ಪುಟವನ್ನು ಅದರಿಂದಲೇ ಶುರು ಮಾಡಿ.